ಹೊನ್ನಾಳಿ ದಾಟಿದ ಮೇಲೆ ಹುಟ್ಟಿದ ಬಸ್ಸು

ನಮ್ಮ ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಕ್ಷಮಿಸುವ ಗುಣ ಇದೆ. ಬಿಳಿಚೋಡಿನ ಶಾಲೆಯಲ್ಲಿ ನನ್ನ ಚಡ್ಡಿ ಹರಿದದ್ದನ್ನು ನೋಡಿ ಮೊದಲು ನಕ್ಕ ಹುಡುಗ ಈಗ ಜಗಳೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನು ಊರಿಗೆ ಹೋದಾಗಲೆಲ್ಲ ಬೇಕಿರಲಿ ಬೇಡದಿರಲಿ, ಅವನ ಎದುರಿನ ಅಂಗಡಿಯಲ್ಲಿ, ಅವನಿಗೆ ಚೆನ್ನಾಗಿ ಕಾಣುವಂತೆ ನಿಂತು ರೀಚಾರ್ಜ್ ಮಾಡಿಸಿಕೊಂಡು ಬರುತ್ತೇನೆ. ಅವನಿಗೆ ನನ್ನ ಗುರುತೇ ಹತ್ತುವುದಿಲ್ಲ ಅನ್ನುವುದು ಬೇರೆ ಮಾತು. ಹಗೆ ಸಾಧಿಸುವವನಿಗೆ ಇಂಥ ಸಣ್ಣಪುಟ್ಟ ಅಡ್ಡಿಗಳು ಇದ್ದದ್ದೇ.

ಅದಕ್ಕಿಂತ ದೊಡ್ಡ ಹಗೆ ಹೊನ್ನಾಳಿ ಪ್ರೈವೇಟ್ ಬಸ್ ಸ್ಟ್ಯಾಂಡಿನ ಒಬ್ಬ ಏಜೆಂಟನ ಮೇಲಿನದು. ಏಜೆಂಟ್ ಅಂದರೆ ಬಸ್ಸಿನ ಬಾಗಿಲ ಬಳಿ ನಿಂತು ಊರಿನ ಹೆಸರು ಕೂಗಿ ಜನ ಹತ್ತಿಸುವವನು, ಟೈಮ್ ಆದ ಕೂಡಲೇ ಬಸ್ಸಿನ ತಗಡು ಬಡಿದು ಕಳಿಸುವವನು. ಈತ ‘ಚನ್ಗಿರಿ, ಚನ್ಗಿರಿ’ ಅಂತ ಒಮ್ಮೆ ಗಂಟಲೆತ್ತಿದರೆ ಚನ್ನಗಿರಿಗೆ ಹೋಗುವ ಕೆಲಸವೇ ಇಲ್ಲದವರೂ ಹತ್ತಿ ಕೂತು, ಆಮೇಲೆ ಯಾರ ಮನೆಗೆ ಹೋಗುವುದು ಅಂತ ಯೋಚಿಸುತ್ತಿದ್ದರು.

ನಾನು ಅವನ ಎದುರು ಪಾಳಯದವನು. ಚನ್ನಗಿರಿಯ ಒಬ್ಬ ಬಸ್ ಮಾಲೀಕರ ಹತ್ತಿರ ನನ್ನ ಕೆಲಸ. ಅವರನ್ನು ನಾವೆಲ್ಲ ಸಾಹುಕಾರ್ರು ಅನ್ನುತ್ತೇವೆ. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಅವರು ಅಲ್ಲಿ ಗೊಬ್ಬರದ ಅಂಗಡಿಯ ಮೇಲೊಂದು ರೂಮು ಹಿಡಿದು, ಒಂದು ಕಂಪ್ಯೂಟರ್ ಇಟ್ಟು, ಅದರ ಮುಂದೆ ನನ್ನನ್ನು ಇಟ್ಟಿದ್ದರು. ಯೂರಿಯಾ ವಾಸನೆಯಲ್ಲಿ ಕೂತು ಕೂತು ನಾನೂ ಒಂದಿಷ್ಟು ಉದ್ದ ಬೆಳೆದೆ ಅಂತ ನಮ್ಮವ್ವ ಹೇಳುತ್ತಾಳೆ.

ನಮ್ಮ ಬಸ್ಸು ರಾತ್ರಿ ನ್ಯಾಮತಿಯಲ್ಲಿ ನಿಲ್ಲುತ್ತದೆ. ಡ್ರೈವರಣ್ಣ ಅದರೊಳಗೇ ಮಲಗುತ್ತಾನೆ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಹೊರಟು, ಐದೂಕಾಲಿಗೆ ಹೊನ್ನಾಳಿ ಬಿಟ್ಟು, ಚನ್ನಗಿರಿಗೆ ಹೋಗುತ್ತದೆ. ಆ ದಾರಿಯಲ್ಲಿ ದಿನದ ಮೊದಲ ಬಸ್ಸು ಅದೇ. ಸೊಪ್ಪಿನ ಬುಟ್ಟಿಯ ಹೆಂಗಸರು, ಡಾಕ್ಟರ ಬಳಿ ಮೊದಲ ಚೀಟಿ ಹಿಡಿಯಬೇಕಾದವರು, ದೂರದ ಶಾಲೆಯ ಮೇಷ್ಟ್ರುಗಳು ಎಲ್ಲ ಅದರಲ್ಲೇ. ಬೆಳಿಗ್ಗೆ ಒಂದು ಬಸ್ಸು ಹತ್ತಿದವರು ಸಂಜೆ ವಾಪಸಾಗುವಾಗಲೂ ಅದನ್ನೇ ಕಾಯುತ್ತಾರೆ. ಹಾಗಾಗಿ ನಮ್ಮ ಸಾಹುಕಾರ್ರ ಲೆಕ್ಕದಲ್ಲಿ ಮೊದಲ ಟ್ರಿಪ್ಪು ಹೋದರೆ ಬಸ್ಸೇ ಹೋದ ಹಾಗೆ. ‘ಅದೊಂದು ಕೈ ಬಿಟ್ರೆ ಗಾಡಿ ಮಾರಿ ಮನ್ಯಾಗೆ ಕುಂದ್ರುತೀನಿ, ನೀವೂ ನಿಮ್ ನಿಮ್ ಮನ್ಯಾಗೆ ಕುಂದ್ರಿ’ ಅಂತ ಡ್ರೈವರಣ್ಣನಿಗೂ ನನಗೂ ಸೇರಿಸಿಯೇ ಹೇಳಿದ್ದರು.

ನಮ್ಮ ಹಿಂದೆ, ಐದೂಮುಕ್ಕಾಲಿಗೆ ಹೊನ್ನಾಳಿ ಬಿಡುವುದು ಆ ಏಜೆಂಟನ ಬಸ್ಸು. ಮಾಲೀಕರು ಬೇರೆ ಊರಿನವರು, ಅದರ ಕಾರುಬಾರೆಲ್ಲ ಇವನದೇ. ಅವನಿಗೆ ನಮ್ಮ ಟೈಮಿನ ಮೇಲೆ ಕಣ್ಣು. ಬಸ್ ಮಾಲೀಕರೆಲ್ಲ ತಿಂಗಳಿಗೊಮ್ಮೆ ಹೊನ್ನಾಳಿಯ ಲಾಡ್ಜೊಂದರ ಮೇಲಿನ ಹಾಲಿನಲ್ಲಿ ಸೇರುತ್ತಿದ್ದರು. ಯಾರ ಬಸ್ಸು ಯಾರ ಮುಂದೆ ಹೋಗಬೇಕು ಅನ್ನುವ ಜಗಳಗಳು ಅಲ್ಲೇ ತೀರಬೇಕು. ತೀರಿಸುವವರು ಒಬ್ಬ ಹಿರಿಯರು. ಅವರೂ ಒಂದು ಕಾಲಕ್ಕೆ ಬಸ್ಸು ಇಟ್ಟಿದ್ದವರೇ, ಈಗ ಮಾರಿದ್ದಾರೆ. ಯಾವ ಬಸ್ಸೂ ತಮ್ಮದಲ್ಲವಾದ್ದರಿಂದ ಅವರ ಮಾತಿಗೆ ಎಲ್ಲರೂ ತಲೆಬಾಗುತ್ತಿದ್ದರು. ಅವರ ಮುಂದೆ ಏಜೆಂಟು ದೂರು ಒಯ್ದ: ನ್ಯಾಮತಿ ಬಸ್ಸು ಮೊದಲ ಟ್ರಿಪ್ಪು ಸರಿಯಾಗಿ ಓಡಿಸುತ್ತಿಲ್ಲ, ಡ್ರೈವರ್ ಮಲಗಿಬಿಡುತ್ತಾನೆ, ಆಮೇಲೆ ನಮ್ಮ ಟೈಮಿಗೆ ಬಂದು ನಮ್ಮ ಜನ ಎತ್ತುತ್ತಾನೆ. ಶುದ್ಧ ಸುಳ್ಳು. ಆದರೆ ಅಷ್ಟು ಹೊತ್ತಿಗೆ ಸ್ಟ್ಯಾಂಡಿನಲ್ಲಿ ಎದ್ದು ನಿಂತು ನೋಡಿದ ಮಾಲೀಕ ಒಬ್ಬನೂ ಇರಲಿಲ್ಲ.

ಸಾಹುಕಾರ್ರು ನನಗೆ ಫೋನ್ ಮಾಡಿದರು. ‘ಏನಲೇ, ಬಸ್ಸಿಗೆ ಜಿಪಿಎಸ್ ಹಾಕ್ಸಿ ನಿನ್ನ ಕುಂದ್ರಿಸಿದ್ದು ಯಾತಕ್ಕೆ? ನಮ್ ಬಸ್ಸು ಟೈಮಿಗೆ ಸರಿಯಾಗಿ ಬಿಟ್ಟೈತೆ ಅನ್ನಾದು ಅದ್ರಾಗೆ ಇಲ್ಲೇನು?’

‘ಐತೆ ಸಾಹುಕಾರ್ರೆ. ಅವ್ನ ಬಾಯಿ ಮುಚ್ಚಿಸೋ ಹಂಗೆ ತರ್ತೀನಿ’ ಅಂದೆ.

ಬಾಯಿ ಮುಚ್ಚಿಸಿದ್ದು ಯಾರದ್ದು ಅನ್ನುವುದಕ್ಕೆ ಮೊದಲು ನನ್ನ ಕರಾಮತ್ತಿನ ಬಗ್ಗೆ ಎರಡು ಮಾತು. ಬಸ್ಸಿನ ಜಿಪಿಎಸ್ ಪೆಟ್ಟಿಗೆ ಬಿಡುವಿಲ್ಲದೆ ‘ನಾನು ಇಲ್ಲಿದ್ದೀನಿ, ಈಗ ಇಷ್ಟು ಹೊತ್ತು’ ಅಂತ ಕೂಗುತ್ತಿರುತ್ತದೆ. ಪ್ರತಿ ಕೂಗೂ ದೂರದಲ್ಲೆಲ್ಲೋ ನಾವು ಬಾಡಿಗೆಗೆ ಹಿಡಿದ ಸರ್ವರಿನಲ್ಲಿ ಒಂದು ಸಾಲಾಗಿ ಟೇಬಲ್ಲಿಗೆ, ಅಂದರೆ ಒಂದು ಉದ್ದ ಪಟ್ಟಿಗೆ, ಸೇರುತ್ತದೆ. ಕೆಲವೇ ತಿಂಗಳಲ್ಲಿ ಟೇಬಲ್ಲು ಊದಿಕೊಂಡು, ಒಂದು ದಿನದ ರಿಪೋರ್ಟು ಕೇಳಿದರೆ ನಾನು ಊಟ ಮಾಡಿ, ನಿದ್ದೆ ತೆಗೆದು ಎದ್ದರೂ ಬರುತ್ತಿರಲಿಲ್ಲ. ಆಗ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಉಪಾಯ ಕಲಿತೆ. ಇಡೀ ಟೇಬಲ್ಲನ್ನು ದಿನಕ್ಕೊಂದರಂತೆ ಖಾನೆಗಳಾಗಿ ಒಡೆಯುವುದು. ಸಾಲಿನ ಮೇಲಿನ ತಾರೀಖು ನೋಡಿ ಅದು ತನ್ನ ಖಾನೆಗೆ ತಾನೇ ಹೋಗಿ ಬೀಳುತ್ತದೆ. ಮಂಗಳವಾರದ್ದು ಬೇಕೆಂದರೆ ಮಂಗಳವಾರದ ಖಾನೆಯೊಂದನ್ನೇ ಎಳೆದರಾಯಿತು, ಉಳಿದವನ್ನು ಮುಟ್ಟುವುದೇ ಬೇಡ. ರಿಪೋರ್ಟು ಚಿಟಿಕೆ ಹೊಡೆಯುವಷ್ಟರಲ್ಲಿ ಬಂತು. ಅವತ್ತು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಹೋಗಿ ಭುಜ ಉಳುಕಿಸಿಕೊಂಡೆ. ಉತ್ಪ್ರೇಕ್ಷೆ ಅಲ್ಲ, ಮುಲಾಮು ಹಚ್ಚಿದ್ದು ಕೆಳಗಿನ ಗೊಬ್ಬರದಂಗಡಿಯವರು.

ಸಭೆಯ ದಿನ ಒಂದು ವಾರದ ರಿಪೋರ್ಟುಗಳನ್ನು ಅಚ್ಚು ಹಾಕಿಸಿ, ಪ್ಲಾಸ್ಟಿಕ್ ರಟ್ಟು ಹೊದಿಸಿ, ಮದುವೆಯ ಗಂಡಿನ ಹಾಗೆ ನಡೆದು ಹೋಗಿ ಹಿರಿಯರ ಮುಂದಿಟ್ಟೆ. ಒಳಗೇನಿದೆ ಅಂತ ನಾನು ನೋಡಿರಲಿಲ್ಲ. ನೋಡುವುದೇನು? ಅಡಿಗೆ ಮಾಡಿದವನು ಬಡಿಸುವ ಮುಂಚೆ ರುಚಿ ನೋಡುತ್ತಾನೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಹಿರಿಯರು ಕನ್ನಡಕ ಏರಿಸಿ ಓದಿದರು. ‘ಮಂಗಳವಾರ. ಐದೂವರೆ. ಬಸ್ಸು ಚಾನಲ್ ಸೇತುವೆ ಹತ್ರ, ಗದ್ದೆ ಬಯಲು.’ ತಲೆಯೆತ್ತಿದರು. ‘ಇದು ಹೊನ್ನಾಳಿ ಬಿಟ್ಟು ಮುಂದಾತು. ಇದಕ್ಕೂ ಮುಂಚಿಂದು ಎಲ್ಲೈತಪ್ಪಾ?’

‘ಮ್ಯಾಲೆ ಇರ್ಬೇಕು ನೋಡ್ರಿ.’

‘ಮ್ಯಾಲೆ ನಿನ್ನ ಹೆಸ್ರೈತೆ.’

ಬುಧವಾರ ತಿರುಗಿಸಿದರು. ಐದೂವರೆ, ಚಾನಲ್ ಸೇತುವೆ. ಗುರುವಾರವೂ ಅದೇ ಕಾಲುವೆ ಸೇತುವೆ. ಶುಕ್ರವಾರ ಸೇತುವೆಗಿಂತ ಸ್ವಲ್ಪ ಮುಂದೆ. ನ್ಯಾಮತಿ ಇಲ್ಲ, ಹೊನ್ನಾಳಿ ಸ್ಟ್ಯಾಂಡ್ ಇಲ್ಲ. ಪ್ರತಿ ದಿನ ನಮ್ಮ ಬಸ್ಸು ಗದ್ದೆ ಬಯಲಿನಲ್ಲಿ ಇದ್ದಕ್ಕಿದ್ದಂತೆ ಪ್ರತ್ಯಕ್ಷವಾಗಿ, ಚನ್ನಗಿರಿಯ ಕಡೆಗೆ ಓಡಲು ಶುರು ಮಾಡುತ್ತಿತ್ತು.

ಏಜೆಂಟು ಎದ್ದು ನಿಂತು ಕೈ ಮುಗಿದ. ‘ಯಜಮಾನ್ರೇ, ನಾನೇನೂ ಹೇಳಾಂಗಿಲ್ಲ. ಅವ್ರೇ ಬರಕೊಂಡು ಬಂದವ್ರೆ. ಹೊನ್ನಾಳಿ ದಾಟಿದ ಮ್ಯಾಲೆ ರಸ್ತೆ ಮ್ಯಾಲೇ ಹುಟ್ಟೋ ಬಸ್ಸು ಇದು. ಸೇತುವೆ ಹತ್ರ ಒಂದು ತೊಟ್ಲು ಕಟ್ಟಿಸ್ರಿ, ಪಾಪ, ಎಳೆ ಕೂಸು.’

ಹಾಲಿಗೆ ಹಾಲೇ ನಕ್ಕಿತು. ಚಹಾ ತಂದವನೂ ತಟ್ಟೆ ಕೆಳಗಿಟ್ಟು ನಕ್ಕ. ನಮ್ಮ ಸಾಹುಕಾರ್ರು ಮಾತ್ರ ನಗದೆ ನನ್ನ ಕಡೆ ನೋಡುತ್ತಿದ್ದರು. ಹಿರಿಯರು ತೀರ್ಪು ಕೊಟ್ಟರು: ಮುಂದಿನ ಸಭೆಯವರೆಗೆ ಮೊದಲ ಟ್ರಿಪ್ಪು ಏಜೆಂಟನ ಬಸ್ಸಿಗೆ, ಅವನ ಐದೂಮುಕ್ಕಾಲು ನಮಗೆ. ಅವರೂ ಇಂಥದ್ದೇ ಪೆಟ್ಟಿಗೆ ಹಾಕಿಸಿ, ಇಂಥದ್ದೇ ಹಾಳೆ ತಂದು ತೋರಿಸಬೇಕು. ಸರಿ ಕಂಡರೆ ಟೈಮು ಖಾಯಂ.

ಮೆಟ್ಟಿಲಿಳಿಯುವಾಗ ಸಾಹುಕಾರ್ರು ಕೇಳಿದ್ದು ಒಂದೇ ಪ್ರಶ್ನೆ. ‘ಲೇ, ನಿಂಗೆ ಸಂಬಳ ಕೊಡೋನು ನಾನು ತಾನೆ? ಅವ್ನ ವಕೀಲಿಕೆ ಯಾತಕ್ಕಲೇ ಮಾಡ್ದೆ?’

ಡ್ರೈವರಣ್ಣನ ಸಿಟ್ಟು ಬೇರೆ ತರಹದ್ದು. ತನ್ನ ಮದುವೆಗೂ ಮುಂಚಿನಿಂದ ಆ ಜಾವದ ಟ್ರಿಪ್ಪು ಓಡಿಸಿದವನನ್ನು ನಾನು ರಟ್ಟು ಹೊದಿಸಿದ ಕಾಗದದಲ್ಲಿ ಸೋಮಾರಿ ಅಂತ ಸಾಬೀತು ಮಾಡಿದ್ದೆ. ಅವತ್ತಿನಿಂದ ನಾನು ಬಸ್ಸು ಹತ್ತಿದರೆ ಸಾಕು, ಗುಂಡಿ ಇಲ್ಲದ ಕಡೆಯೂ ಬ್ರೇಕು ಬೀಳುತ್ತಿತ್ತು. ಮುಂದಿನ ಸೀಟಿನ ಕಂಬಿಗೂ ನನ್ನ ಹಣೆಗೂ ಒಳ್ಳೆಯ ಪರಿಚಯವಾಯಿತು. ಏಜೆಂಟಂತೂ ನಾನು ಸ್ಟ್ಯಾಂಡಿಗೆ ಕಾಲಿಟ್ಟರೆ, ‘ದಾರಿ ಬಿಡ್ರಪ್ಪೋ, ಸೂಲಗಿತ್ತಿ ಬಂದ್ಲು’ ಅಂತ ಊರಿನ ಹೆಸರು ಕೂಗುವ ಅದೇ ರಾಗದಲ್ಲಿ ಕೂಗುತ್ತಿದ್ದ. ಬುಟ್ಟಿ ಹಿಡಿದ ಮುದುಕಿಯೊಬ್ಬಳು ನಿಜವಾಗಿಯೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದಳು.

ಅವತ್ತೇ ನಿರ್ಧರಿಸಿದೆ. ಬಸ್ಸಿನ ಮಾತು ಆಮೇಲೆ. ಮೊದಲು ಈ ಮನುಷ್ಯ ಅದೇ ಹಾಲಿನಲ್ಲಿ, ಅದೇ ಜನರ ಮುಂದೆ, ಅದೇ ಸೇತುವೆಯ ಹತ್ತಿರ ಹುಟ್ಟಬೇಕು.

ಹಗೆ ಮನುಷ್ಯನನ್ನು ಓದಿಸುತ್ತದೆ. ಕಾಲೇಜಿನಲ್ಲಿ ಇಷ್ಟು ಹಗೆ ಇದ್ದಿದ್ದರೆ ನಾನು ರ‍್ಯಾಂಕೇ ಬರುತ್ತಿದ್ದೆ. ರೂಮಿನ ಬಾಗಿಲು ಹಾಕಿಕೊಂಡು ಸೋಮವಾರದ ಖಾನೆಯನ್ನು ಪೂರಾ ಬಿಚ್ಚಿದೆ. ಕಾಗದ ಉಳಿಸಲೆಂದು, ಬಸ್ಸು ರಾತ್ರಿ ನ್ಯಾಮತಿಯಲ್ಲಿ ನಿಂತ ಕೂಡಲೇ ರಿಪೋರ್ಟು ಮುಗಿಯುವ ಹಾಗೆ ನಾನೇ ಕತ್ತರಿ ಹಾಕಿದ್ದೆ. ನಿಂತ ಬಸ್ಸಿನದ್ದೇನು ನೋಡುವುದು ಅಂತ. ಆ ಕತ್ತರಿ ತೆಗೆದೆ. ನಿಂತ ಬಸ್ಸು, ನಿಂತ ಬಸ್ಸು, ನಿಂತ ಬಸ್ಸು. ಆಮೇಲೆ ಖಾನೆಯ ತಳದಲ್ಲಿ, ನಾಲ್ಕೂಮುಕ್ಕಾಲಿಗೆ ಬಸ್ಸು ನ್ಯಾಮತಿ ಬಿಟ್ಟಿತು! ಐದೂಕಾಲಿಗೆ ಹೊನ್ನಾಳಿಯನ್ನೂ ಬಿಟ್ಟಿತು. ಅದು ಮಂಗಳವಾರದ ಬೆಳಗು. ಸೋಮವಾರದ ಖಾನೆಯಲ್ಲಿ ಬಂದು ಮಲಗಿತ್ತು. ಮಂಗಳವಾರದ ಖಾನೆಯ ತಳದಲ್ಲಿ ಬುಧವಾರದ ಬೆಳಗು, ಬುಧವಾರದ್ದರಲ್ಲಿ ಗುರುವಾರದ್ದು. ಕಳೆದುಹೋದ ಬೆಳಗುಗಳೆಲ್ಲ ಒಂದೊಂದು ಮನೆ ಹಿಂದೆ ಬೆಚ್ಚಗಿದ್ದವು.

ಕಾರಣ ಹೇಳಿದರೆ ನಗುತ್ತೀರಿ. ಸರ್ವರಿನ ಗಡಿಯಾರ ನಮ್ಮದಲ್ಲ, ಇಂಗ್ಲೆಂಡಿನ ಗ್ರೀನ್‌ವಿಚ್‌ದು. ನಮಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಐದೂವರೆ ಬಡಿದಾಗಲಷ್ಟೇ ಅದಕ್ಕೆ ನಡುರಾತ್ರಿ ಕಳೆದು ಹೊಸ ದಿನ. ಅದಕ್ಕೂ ಮುಂಚೆ ನಮ್ಮ ಸೊಪ್ಪಿನ ಹೆಂಗಸರು ಎಷ್ಟೇ ಬೇಗ ಎದ್ದು ಬಸ್ಸು ಹತ್ತಿದರೂ, ಸರ್ವರಿನ ಪ್ರಕಾರ ಅವರು ನಿನ್ನೆಯಲ್ಲೇ ಓಡಾಡುತ್ತಿದ್ದಾರೆ. ನನ್ನ ರಿಪೋರ್ಟು ಅಚ್ಚು ಹಾಕುವಾಗ ಹೊತ್ತನ್ನು ನಮ್ಮ ಗಡಿಯಾರಕ್ಕೆ ಬದಲಿಸಿ ಸರಿಯಾಗಿಯೇ ತೋರಿಸುತ್ತಿತ್ತು. ಖಾನೆಯನ್ನು ಮಾತ್ರ ಸರ್ವರಿನ ತಾರೀಖು ನೋಡಿ ಎಳೆಯುತ್ತಿತ್ತು. ಮಾತು ಕನ್ನಡದ್ದು, ಪಂಚಾಂಗ ಪರದೇಶದ್ದು.

ತಿಳಿದ ಮೇಲೆ ಸುಮ್ಮನೆ ಸರಿಮಾಡಿದರೆ ಅದು ನಾನಲ್ಲ. ಮೊದಲು ಸರ್ವರಿನ ಗಡಿಯಾರವನ್ನೇ ಐದೂವರೆ ಗಂಟೆ ಮುಂದೆ ತಿರುಗಿಸಿದೆ. ಹೊಸ ಸಾಲುಗಳಿಗೆ ನಮ್ಮ ಹೊತ್ತು, ಹಳೆಯವಕ್ಕೆ ಗ್ರೀನ್‌ವಿಚ್ ಹೊತ್ತು. ಗೊಂದಲ ಕಂಡು ಹಿಂದಕ್ಕೆ ತಿರುಗಿಸಿದರೆ ಎರಡೂ ಒಂದರ ಮೇಲೊಂದು ಬಿದ್ದು, ಅವತ್ತು ಸಂಜೆ ಒಂದೇ ಹೊತ್ತಿಗೆ ನಮ್ಮ ಬಸ್ಸು ಹೊನ್ನಾಳಿಯಲ್ಲೂ ಇತ್ತು, ಚನ್ನಗಿರಿಯಲ್ಲೂ ಇತ್ತು. ಸಾಹುಕಾರ್ರು ಫೋನ್ ಮಾಡಿ, ‘ಎಲ್ಡನೇ ಬಸ್ಸು ಯಾವಾಗ್ಲೇ ತಗಂಡೆ? ನಂಗೂ ಒಂದ್ ಮಾತು ಹೇಳ್ಬಾರ್ದೇನು?’ ಅಂದರು. ಗಾಬರಿಯಲ್ಲಿ ಮತ್ತೆ ಗಡಿಯಾರ ಮುಟ್ಟಿ, ಕೂಡಿಸುವಲ್ಲಿ ಕಳೆದು, ಬಸ್ಸು ಹಿಂದಿನ ನಡುರಾತ್ರಿಯೇ ಮೊದಲ ಟ್ರಿಪ್ಪು ಹೊರಟಿತು. ಹೀಗೇ ಇನ್ನೊಂದು ವಾರ ನಾನು ಕೆಲಸ ಮಾಡಿದ್ದರೆ ಕಾಲ ಹಿಂದೆ ಸರಿದು ಡ್ರೈವರಣ್ಣ ಮತ್ತೆ ಮದುವೆಯಾಗಬೇಕಾಗುತ್ತಿತ್ತು.

ಕೊನೆಗೆ ಮಾಡಿದ್ದು ಬಹಳ ಸರಳ. ಸರ್ವರಿನ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟೆ. ಖಾನೆಗಳನ್ನೂ ಮುಟ್ಟಲಿಲ್ಲ. ಮಂಗಳವಾರ ಬೇಕೆಂದರೆ ಸೋಮವಾರ, ಮಂಗಳವಾರ ಎರಡೂ ಖಾನೆ ಎಳೆದು, ನಮ್ಮ ನಡುರಾತ್ರಿಯಿಂದ ನಮ್ಮ ನಡುರಾತ್ರಿಯವರೆಗೆ ಕತ್ತರಿಸಿಕೊಳ್ಳುವುದು. ಅಷ್ಟೇ. ಹಳೆಯ ವಾರವನ್ನು ಹೊಸದಾಗಿ ಅಚ್ಚು ಹಾಕಿದೆ. ನಮ್ಮ ಬಸ್ಸು ಒಂದು ದಿನವೂ ತಪ್ಪದೆ ನ್ಯಾಮತಿ ಬಿಟ್ಟಿತ್ತು.

ಹಿರಿಯರಿಗೆ ಫೋನ್ ಮಾಡಿದರೆ ಅವರು, ‘ಸಭೆ ಮುಂದೆ ತಪ್ಪಾಗೈತೆ, ಸಭೆ ಮುಂದೇನೇ ಸರಿ ಆಗ್ಲಿ’ ಅಂದು ಇಟ್ಟುಬಿಟ್ಟರು. ಕಾಯುವುದೇ ಆಯಿತು.

ಆ ಕಾಯುವ ದಿನಗಳಲ್ಲೇ ಬೇಟೆ ತಾನಾಗಿ ನನ್ನ ಮೆಟ್ಟಿಲು ಹತ್ತಿ ಬಂತು. ಏಜೆಂಟು! ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ.

‘ಏನ್ ತಮ್ಮಾ, ಬ್ಯಾಸರ ಮಾಡ್ಕಂಡಿಯೇನು? ಸ್ಟ್ಯಾಂಡಿನ ಮಾತು ಸ್ಟ್ಯಾಂಡಿಗೇ ಬಿಡ್ಬೇಕು. ನೋಡು, ನಮಗೂ ಆ ಪೆಟ್ಟಿಗೆ, ಹಾಳೆ, ಎಲ್ಲಾ ಮಾಡಿಕೊಡು. ಈ ಕಡೆ ಇದು ಬಲ್ಲೋನು ನೀನೊಬ್ನೇ.’

‘ನನ್ನ ಹಾಳೆ ಹೆಂಗೆ ಅಂತ ನಿಮಗೆ ಗೊತ್ತೈತಲ್ಲಣ್ಣಾ.’

‘ಏ, ಹಾಳೆ ಸರಿನೇ ಐತೆ. ನಿಮ್ ಡ್ರೈವರ್ ರಾತ್ರಿ ಮೊಬೈಲ್ ಚಾರ್ಜಿಗೆ ಇಡಾಕೆ ನಿನ್ನ ಪೆಟ್ಟಿಗಿ ವೈರು ಕಿತ್ತಿರ್ತಾನೆ. ನಮ್ಮೋನು ಹಂಗಲ್ಲ.’

ಅಂದರೆ ನಮ್ಮ ಬಸ್ಸು ಓಡಿದ್ದು ಇವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ತೊಟ್ಟಿಲು ಕಟ್ಟಿಸಿದ್ದ. ನನ್ನೊಳಗೆ ಉಳಿದಿದ್ದ ಅಷ್ಟಿಷ್ಟು ಕರುಣೆ ಆ ಬಿಸ್ಕತ್ತಿನ ಜೊತೆ ಚಹಾದಲ್ಲಿ ಕರಗಿಹೋಯಿತು.

‘ಸಭೆ ಮೆಚ್ಚಿದ್ದು ಯಾವ್ದೋ ಅದನ್ನೇ ಕೊಡ್ತೀನಣ್ಣಾ. ಒಂದಕ್ಷರ ಬದಲಾಯಿಸಾಂಗಿಲ್ಲ’ ಅಂದೆ. ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಜೀವನದಲ್ಲಿ ಆಡಿಲ್ಲ.

ಸಾಹುಕಾರ್ರಿಗೆ ಹೇಳಿದಾಗ ಫೋನಿನ ಆ ಕಡೆ ತೊಡೆ ತಟ್ಟಿದ ಸದ್ದು ಕೇಳಿಸಿತು. ‘ಸರಿಯಾದ್ದು ನಮಗೆ, ಹಳೇದು ಅವ್ನಿಗೆ! ಲೇ, ನೀನು ದಡ್ಡ ಅಲ್ಲಲೇ!’ ಅವರು ಕೊಟ್ಟ ದೊಡ್ಡ ಪ್ರಶಸ್ತಿ ಅದು.

ಏಜೆಂಟನ ಬಸ್ಸಿಗೆ ಪೆಟ್ಟಿಗೆ ಹಾಕಿ, ಅದೇ ಖಾನೆಗಳನ್ನು, ಅದೇ ಹಳೆಯ ರಿಪೋರ್ಟನ್ನು ಹೂಡಿಕೊಟ್ಟೆ. ಅವನ ಮೊಬೈಲಿನಲ್ಲಿ ಬಸ್ಸು ಎಲ್ಲಿದೆಯೆಂದು ತೋರಿಸುವ ಚುಕ್ಕೆ ಸರಿಯಾಗಿಯೇ ಓಡುತ್ತಿತ್ತು. ಆ ಕ್ಷಣದ ಚುಕ್ಕೆಗೆ ಖಾನೆಯ ಹಂಗಿಲ್ಲವಲ್ಲ. ಅದನ್ನೇ ಎಲ್ಲರಿಗೂ ತೋರಿಸಿ ಮೆರೆದ. ದಿನದ ಹಾಳೆ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಅಣ್ಣತಮ್ಮಂದಿರು.

ಸಭೆಯ ದಿನ ಬಂತು. ಟೈಮು ಅವನ ಕೈಯಲ್ಲಿದ್ದುದರಿಂದ ಅವನ ಹಾಳೆಗಳೇ ಮೊದಲು. ಹಿರಿಯರು ಕನ್ನಡಕ ಏರಿಸಿದರು. ನಾನು ಗೋಡೆಗೆ ಒರಗಿದೆ.

‘ಸೋಮವಾರ. ಐದೂವರೆ.’ ಹಿರಿಯರ ಬೆರಳು ನಿಂತಿತು. ‘ಚಾನಲ್ ಸೇತುವೆ ಹತ್ರ, ಗದ್ದೆ ಬಯಲು.’

ಆಹಾ. ಆ ಸಾಲನ್ನು ಯಾರಾದರೂ ರಾಗ ಹಾಕಿ ಹಾಡಿದ್ದರೆ ನಾನು ಮೊಬೈಲಿನ ರಿಂಗ್‌ಟೋನ್ ಮಾಡಿಕೊಳ್ಳುತ್ತಿದ್ದೆ.

ಏಜೆಂಟು ಹಾಳೆ ಕಸಿದುಕೊಂಡು ಹಿಂದೆ ಮುಂದೆ ತಿರುಗಿಸಿದ. ಮಂಗಳವಾರ, ಬುಧವಾರ. ಅವನ ಬಸ್ಸೂ ದಿನಾ ಅದೇ ಗದ್ದೆಯಲ್ಲಿ ಹುಟ್ಟುತ್ತಿತ್ತು. ಹಿಂದಿನ ಸಾಲಿನಿಂದ ಯಾರೋ, ‘ಆ ಗದ್ದಿ ಯಾರ್ದಪ್ಪಾ? ಭತ್ತ ಬಿತ್ತಿದ್ರೆ ಬಸ್ ಬೆಳೀತಾವೆ!’ ಅಂದರು. ಏಜೆಂಟನ ಕಿವಿ ಕೆಂಪಾದವು. ‘ವೈರು... ನಮ್ಮೋನೂ ಮೊಬೈಲ್...’ ಅಂತ ತೊದಲಿದ. ನಾನು ಒಂದು ಬೆಣ್ಣೆ ಬಿಸ್ಕತ್ತು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅದನ್ನು ಅವನಿಗೆ ಕಾಣುವಂತೆ ತಿಂದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನಮ್ಮ ಸಾಹುಕಾರ್ರು ಎದ್ದು ಸರಿಯಾದ ಹಾಳೆ ಇಡುವುದು, ಟೈಮು ವಾಪಸ್ ತೆಗೆದುಕೊಳ್ಳುವುದು, ನಾನು ಹೆಗಲ ಮೇಲೆ ಮೆರವಣಿಗೆ ಹೋಗುವುದು. ಆದರೆ ಅವರು ಪಂಚೆ ಸರಿಮಾಡಿಕೊಂಡು ಏಳುವುದರೊಳಗೆ ಮೂಲೆಯಿಂದ ಇನ್ನೊಬ್ಬರು ಎದ್ದರು. ಜಗಳೂರಿನ ಮಾಲೀಕ. ಕಾಲೇಜಿಗೆ ಹೋಗುವಾಗ ಬಿಳಿಚೋಡಿನಿಂದ ದಾವಣಗೆರೆವರೆಗೂ ನನ್ನನ್ನು ಒಂಟಿ ಕಾಲಲ್ಲಿ ನಿಲ್ಲಿಸಿಕೊಂಡು ಹೋದ ಬಸ್ಸುಗಳು ಇವರವೇ. ಆ ಹಗೆಯ ಸರದಿ ಇನ್ನೂ ಬಂದಿರಲಿಲ್ಲ.

‘ಯಜಮಾನ್ರೇ, ಹೋದ ತಿಂಗಳು ನ್ಯಾಮತಿ ಬಸ್ಸು ಓಡ್ಲಿಲ್ಲ, ಈ ತಿಂಗಳು ಹೊನ್ನಾಳಿ ಬಸ್ಸೂ ಓಡ್ಲಿಲ್ಲ. ಹಾಳೇನೇ ಹೇಳ್ತೈತೆ. ಇಬ್ರಿಗೂ ಬೆಳಗ್ಗೆ ಏಳಾಕೆ ಆಗಂಗಿಲ್ಲ. ಜನ ಏನ್ ಮಾಡ್ಬೇಕ್ರೀ? ನಾನೊಂದು ಗಾಡಿ ತಂದು ಇಲ್ಲೇ ನಿಲ್ಲಿಸ್ತೀನಿ. ಆ ಟೈಮು ನಂಗೆ ಕೊಡ್ರಿ.’

ಹಿರಿಯರು ತಲೆಯಾಡಿಸಿದರು. ‘ಅದೂ ಸರಿನೇ ಬಿಡು.’

ನನ್ನ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ಸಾಹುಕಾರ್ರು ನನ್ನ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದರು. ಹೊಸ ಹಾಳೆಗಳನ್ನು ಮುಂದಿಟ್ಟೆ. ಹಿರಿಯರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

‘ಅದೇ ವಾರ. ಹೋದ ಸಲ ಬಸ್ಸಿರ್ಲಿಲ್ಲ, ಈ ಸಲ ಐತೆ. ಯಾವ್ದಪ್ಪಾ ಸುಳ್ಳು?’

ಖಾನೆ, ಗ್ರೀನ್‌ವಿಚ್, ಐದೂವರೆ ಗಂಟೆ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಸುಳ್ಳಿನ ಹಾಗೆ ಕೇಳಿಸತೊಡಗಿತು. ‘ಅಂದ್ರೆ ನಾವು ಎದ್ದಾಗ ಅದಕ್ಕಿನ್ನೂ ನಿನ್ನೆ?’ ಅಂದರು ಹಿರಿಯರು.

‘ಹೂಂ ರೀ.’

‘ನಿಮ್ ಬಸ್ಸಿನ ಹಾಳೆ ನೀನು ಹೆಂಗೆ ಬೇಕಾದ್ರೂ ತಿದ್ದಿಕೊಂಡಿರ್ತೀ. ನಾನು ಹೆಂಗೆ ನಂಬ್ಲಿ?’

ಆಗ ನನಗೆ ಹೊಳೆಯಿತು. ನಾನು ಮುಟ್ಟದೆ ಬಿಟ್ಟಿದ್ದ ಬಸ್ಸೊಂದಿತ್ತು. ಸೇಡಿಗೆಂದೇ ಒಂದಕ್ಷರ ಬದಲಾಯಿಸದೆ ಇಟ್ಟದ್ದು. ಲ್ಯಾಪ್‌ಟಾಪ್ ತೆರೆದು ಎಲ್ಲರ ಮುಂದೆ ಏಜೆಂಟನ ಬಸ್ಸಿನ ಸೋಮವಾರದ ಖಾನೆ ಎಳೆದು, ತಳಕ್ಕೆ ಇಳಿಸಿದೆ. ನಿಂತ ಬಸ್ಸು, ನಿಂತ ಬಸ್ಸು, ಆಮೇಲೆ ಐದೂಕಾಲಿಗೆ ಹೊನ್ನಾಳಿ ಸ್ಟ್ಯಾಂಡಿನಿಂದ ಹೊರಟ ಬಸ್ಸು.

‘ಇದು ಮಂಗಳವಾರ ಬೆಳಗ್ಗೆ ಅವ್ರ ಬಸ್ಸು ಹೊಂಟಿದ್ದು ಯಜಮಾನ್ರೇ. ಹೊಂಟಿದ್ದು ಹೌದೋ ಅಲ್ವೋ ಅವ್ರನ್ನೇ ಕೇಳ್ರಿ.’

ಹಾಲೆಲ್ಲ ಏಜೆಂಟನ ಕಡೆ ತಿರುಗಿತು. ನಾನೂ ತಿರುಗಿದೆ. ಅವನ ಮುಖದ ಮೇಲೆ ಲೆಕ್ಕ ನಡೆಯುತ್ತಿತ್ತು. ‘ಹೌದು, ಓಡಿತು’ ಅಂದರೆ ನನ್ನ ಮಾತು ನಿಜ. ನನ್ನ ಮಾತು ನಿಜವಾದರೆ ನಮ್ಮ ಬಸ್ಸೂ ಓಡಿತ್ತು, ಟೈಮು ನಮಗೆ ವಾಪಸ್. ‘ಇಲ್ಲ’ ಅಂದರೆ ತಾನೇ ಸೋಮಾರಿ, ಟೈಮು ಜಗಳೂರಿಗೆ. ಹೀಗೆ ಅವನನ್ನು ನಿಲ್ಲಿಸಬೇಕೆಂದು ನಾನು ವರ್ಷಗಟ್ಟಲೆ ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ತಾನಾಗಿ ಆಗಿಬಿಟ್ಟಿತ್ತು.

‘ಹೇಳಪ್ಪಾ, ಹೋಗಿತ್ತೋ ಇಲ್ವೋ?’ ಹಿರಿಯರು ಕೇಳಿದರು.

‘ಹೋಗಿತ್ತು ರೀ’ ಅಂದ. ಊರಿಡೀ ಕೇಳುವಂತೆ ಕೂಗುವ ಗಂಟಲಿನಿಂದ ಬಂದ ಅತಿ ಸಣ್ಣ ದನಿ ಅದು.

‘ಕೇಳ್ಲಿಲ್ಲಣ್ಣಾ’ ಅಂದೆ ನಾನು.

‘ಹೋಗಿತ್ತು ಅಂದ್ನಲ್ಲೋ!’

‘ನಮ್ಮದು?’

ಹಲ್ಲು ಕಡಿಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ‘ನಿಮ್ಮದೂ ದಿನಾ ಹೋಗಿತ್ತು. ಹಾಸಿಗ್ಯಾಗೇ ಹಾರ್ನ್ ಕೇಳೀನಿ. ಸಾಕೇನು?’

ಸಾಕಾಗಿರಲಿಲ್ಲ, ಆದರೆ ಹಿರಿಯರು ನನ್ನ ಕಡೆ ಬೆರಳೆತ್ತಿ ‘ಕುಂದ್ರಲೇ’ ಅಂದರು. ಮೊದಲ ಟ್ರಿಪ್ಪು ನ್ಯಾಮತಿ ಬಸ್ಸಿಗೆ, ಖಾಯಂ. ಜಗಳೂರಿನವರು ಗೊಣಗುತ್ತಾ ಕೂತರು. ಹಿಂದಿನ ಬಾಗಿಲ ಬಳಿ ನಿಂತಿದ್ದ ಡ್ರೈವರಣ್ಣ ಒಳಗೆ ಬಂದು ನನ್ನ ಬೆನ್ನಿಗೊಂದು ಗುದ್ದಿದ. ಪ್ರೀತಿಯದ್ದೇ ಇರಬೇಕು. ನೋವು ಮಾತ್ರ ಬ್ರೇಕಿನಷ್ಟೇ ಇತ್ತು.

ಮರುದಿನ ನಾನೂ ಜಾವಕ್ಕೆ ಎದ್ದೆ. ಮೊದಲ ಟ್ರಿಪ್ಪು ಹೊನ್ನಾಳಿ ಸ್ಟ್ಯಾಂಡಿಗೆ ಬಂದು ನಿಲ್ಲುವಾಗ ಏಜೆಂಟನ ಮುಖ ಹೇಗಿರುತ್ತದೆಂದು ನೋಡುವುದು, ಅದನ್ನು ಬಿಟ್ಟರೆ ಆ ಚಳಿಯಲ್ಲಿ ನನಗೆ ಬೇರೆ ಆಸೆ ಇರಲಿಲ್ಲ. ಕಿಟಕಿ ಪಕ್ಕ ಕೂತು, ಅವನಿಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಸ್ಟ್ಯಾಂಡಿಗೆ ಬಂದು ನೋಡಿದರೆ ಸೊಪ್ಪಿನ ಹೆಂಗಸರಿದ್ದರು, ಮೇಷ್ಟ್ರುಗಳಿದ್ದರು, ಎರಡು ನಾಯಿಗಳಿದ್ದವು. ಏಜೆಂಟು ಇರಲಿಲ್ಲ.

‘ಎಲ್ಲಿ ಅವ್ನು?’ ಅಂತ ಹೂ ಕಟ್ಟುತ್ತಿದ್ದ ಹೆಂಗಸನ್ನು ಕೇಳಿದೆ.

‘ಅವ್ನ ಬಸ್ಸು ಈಗ ತಡ ಅಲ್ಲೇನಪ್ಪಾ? ಇಷ್ಟ್ ಹೊತ್ತಿಗೆ ಯಾಕೆ ಬರ್ತಾನೆ? ಮಲ್ಗಿರ್ತಾನೆ. ಅಗಾ, ಆ ಹಂಚಿನ ಮನಿನೇ ಅವಂದು.’

ನಾನು ತಲೆಗೆ ಮಫ್ಲರ್ ಸುತ್ತಿಕೊಂಡು ಗಡಗಡ ನಡುಗುತ್ತಾ ನಿಂತಿದ್ದೆ. ಅವನು ಕಂಬಳಿಯೊಳಗಿದ್ದ. ಇಷ್ಟೆಲ್ಲ ಓದಿ, ಖಾನೆ ತೋಡಿ, ಸಭೆ ಗೆದ್ದು, ಕೊನೆಗೆ ನಾನು ಮಾಡಿದ್ದೇನು? ಜಾವದ ನಿದ್ದೆಯನ್ನು ಡ್ರೈವರಣ್ಣನಿಂದ ಕಿತ್ತು ಶತ್ರುವಿಗೆ ಕೊಟ್ಟಿದ್ದೆ.

ಮತ್ತೆ ಬಸ್ಸು ಹತ್ತಿ, ‘ಅಣ್ಣಾ, ಆ ಮನಿ ಮುಂದೆ ಒಂದ್ ಸಲ ಜೋರಾಗಿ ಹಾರ್ನ್ ಹೊಡಿ’ ಅಂದೆ.

ಡ್ರೈವರಣ್ಣ ನನ್ನ ಮುಖ ನೋಡಿದ. ಅವನೂ ಬಹಳ ದಿನ ನುಂಗಿಕೊಂಡವನೇ. ಬಸ್ಸನ್ನು ಹಂಚಿನ ಮನೆಯ ಮುಂದೆ ನಿಧಾನ ಮಾಡಿ ಹಾರ್ನ್ ಒತ್ತಿದ. ನಾಯಿಗಳು ಬೊಗಳಿದವು. ಬಾಗಿಲು ತೆರೆಯಿತು. ಹೊರಗೆ ಬಂದದ್ದು ಅವನಲ್ಲ, ಅವನ ಹೆಂಡತಿ. ಕೈಯಲ್ಲಿ ಅಂಗಳಕ್ಕೆ ಹಾಕುವ ನೀರಿನ ಬಕೆಟ್ಟು.

‘ನೀವೇ ಏನಣ್ಣಾ ಕಂಪ್ಯೂಟ್ರಿನೋರು?’ ಕಿಟಕಿಯ ಹತ್ತಿರಕ್ಕೇ ಬಂದಳು. ‘ನಿಮಗೆ ಪುಣ್ಯ ಬರ್ಲಿ. ಒಂದ್ ತಿಂಗಳಿಂದ ಜಾವಕ್ಕೆದ್ದು ಎದ್ದು ಮನಿ ಮಂದಿನೆಲ್ಲಾ ಹರಕೊಂಡು ತಿಂತಿದ್ರು. ಇವತ್ತು ನೋಡ್ರಿ, ಕೂಸಿನಂಗೆ ಮಲ್ಗವ್ರೆ. ಇಳೀರಿ, ಚಾ ಕುಡಕಂಡು ಹೋಗ್ರಿ.’

ಬಸ್ಸಿನೊಳಗೆ ಮೇಷ್ಟ್ರೊಬ್ಬರು ಕಿಸಕ್ಕನೆ ನಕ್ಕರು. ಬಾಯಿಪಾಠ ಮಾಡಿದ ಮಾತುಗಳಲ್ಲಿ ಒಂದೂ ಈ ಹೆಣ್ಣುಮಗಳಿಗೆ ಹೇಳುವಂಥದ್ದಿರಲಿಲ್ಲ. ‘ಬ್ಯಾಡಕ್ಕಾ, ಟೈಮಾತು’ ಅಂದೆ.

ಅವಳು ನೀರು ಚೆಲ್ಲಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸ್ಸು ಕದಲಿತು.

‘ಅಣ್ಣಾ’ ಅಂದೆ ಡ್ರೈವರಣ್ಣನಿಗೆ.

‘ಏನಲೇ?’

‘ಇನ್ನೊಂದ್ ಸಲ ಹೊಡಿ.’